ನೊಬೆಲ್ ಚಿತ್ರ ತೂಗುಹಾಕಿದರೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ಭಾನುವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆದ ಲಸಿಕೆ ವಿರೋಧಿ ಉಪನ್ಯಾಸದ ವರದಿ ಓದಿದೆ. ಸಭಿಕರೆಲ್ಲ ತಲೆದೂಗಿದರು ಎಂದು ಬರೆದಿದ್ದೀರಿ. ನಾನೂ ಅಲ್ಲಿದ್ದೆ, ತಲೆದೂಗಲಿಲ್ಲ. ಎರಡು ಸಲ ಕೈ ಎತ್ತಿದೆ. ಮೈಕು ಮೂರನೇ ಸಾಲು ದಾಟಿ ಹಿಂದಕ್ಕೆ ಬರಲೇ ಇಲ್ಲ. ಭಾಷಣಕಾರರು ನಿವೃತ್ತ ವಿಜ್ಞಾನಿ ಎಂಬುದೇನೋ ನಿಜ. ಆದರೆ ಅವರು ಇಡೀ ವೃತ್ತಿಜೀವನ ಕಳೆದದ್ದು ಲೋಹದ ತುಕ್ಕಿನ ಜೊತೆ ಎಂಬ ಮಾತು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿತ್ತು, ನಿಮ್ಮ ವರದಿಯಲ್ಲಿ ಅದೂ ಇಲ್ಲ.

ಆ ಕೊರತೆ ತುಂಬಲೆಂದೇ ಇರಬೇಕು, ವೇದಿಕೆಯ ಹಿಂದೆ ಫ್ರಾನ್ಸ್‌ನ ಲುಕ್ ಮೊಂಟಾನಿಯೆ ಅವರ ಆಳೆತ್ತರದ ಚಿತ್ರ. ಪ್ಯಾಸ್ಚರ್ ಸಂಸ್ಥೆಯಲ್ಲಿ 1983ರಲ್ಲಿ ಏಡ್ಸ್ ವೈರಸ್ಸನ್ನು ಪತ್ತೆ ಮಾಡಿದ ತಂಡದ ಮುಖ್ಯಸ್ಥರು, 2008ರ ನೊಬೆಲ್ ಪುರಸ್ಕೃತರು. ಆ ಕೆಲಸಕ್ಕೆ ಕೈಮುಗಿಯೋಣ. ಭಾಷಣಕಾರರು ಅವರ ಕಥೆ ಹೇಳುತ್ತಾ 2008ಕ್ಕೆ ಬಂದವರೇ ಒಂದೇ ನೆಗೆತಕ್ಕೆ 2020ಕ್ಕೆ ಹಾರಿದರಲ್ಲ, ನಡುವಿನ ಹನ್ನೆರಡು ವರ್ಷ ಎಲ್ಲಿ ಹೋಯಿತು? ಡಿಎನ್‌ಎ ಇದ್ದ ನೀರನ್ನು ತೀರಾ ತೆಳುವಾಗಿಸಿದ ಮೇಲೂ ಅದು ವಿದ್ಯುತ್ಕಾಂತೀಯ ಸಂಕೇತ ಹೊರಡಿಸುತ್ತದೆ ಎಂದು 2009ರಲ್ಲಿ ಪ್ರಬಂಧ ಪ್ರಕಟಿಸಿದವರು ಇದೇ ಮಹನೀಯರು. ಪ್ರಕಟಿಸಿದ್ದು ತಾವೇ ಸಂಪಾದಕ ಮಂಡಳಿಯ ಅಧ್ಯಕ್ಷರಾಗಿದ್ದ ನಿಯತಕಾಲಿಕದಲ್ಲಿ, ಅದಕ್ಕೆ ಅಂಗೀಕಾರ ಸಿಕ್ಕಿದ್ದು ಮೂರೇ ದಿನದಲ್ಲಿ. ಇಲ್ಲಿ ನೋಡಿ, ನನ್ನ ತಾಯಿಯ ಲಸಿಕೆ ಪ್ರಮಾಣಪತ್ರದಲ್ಲಿ ತಪ್ಪಾಗಿದ್ದ ಹುಟ್ಟಿದ ವರ್ಷವನ್ನು ತಿದ್ದಿಸಲು ನಾನು ನಾಲ್ಕು ತಿಂಗಳು ಅಲೆದೆ. ಕಚೇರಿಯಲ್ಲಿ ‘ಮೇಲಿನಿಂದ ಬರಬೇಕು’ ಎಂದರು. ಏನು ಬರಬೇಕು, ಯಾವ ಮೇಲಿನಿಂದ ಎಂದು ಹೇಳುವವರು ಮಾತ್ರ ಇರಲಿಲ್ಲ. ಆ ಕಡತ ಈಗಲೂ ಅಲ್ಲೇ ಇದೆಯೋ ಏನೋ.

ಫ್ರಾನ್ಸ್‌ನಲ್ಲಿ ಮಕ್ಕಳಿಗೆ ಕಡ್ಡಾಯ ಲಸಿಕೆಗಳ ಸಂಖ್ಯೆ ಹೆಚ್ಚಿದಾಗ, 2017ರಲ್ಲಿ, ಮೊಂಟಾನಿಯೆ ವಿರೋಧವಾಗಿ ಮಾತನಾಡಿದರು. ಅಲ್ಲಿನ ವಿಜ್ಞಾನ, ವೈದ್ಯಕೀಯ ಅಕಾಡೆಮಿಗಳ ನೂರಕ್ಕೂ ಹೆಚ್ಚು ಸದಸ್ಯರು ಸಹಿ ಹಾಕಿ ಖಂಡಿಸಿದರು. ಕೊರೊನಾ ವೈರಸ್ಸಿನೊಳಗೆ ಏಡ್ಸ್ ವೈರಸ್ಸಿನ ತುಣುಕುಗಳನ್ನು ಸೇರಿಸಲಾಗಿದೆ ಎಂದು 2020ರ ಏಪ್ರಿಲ್‌ನಲ್ಲಿ ಹೇಳಿದರು. ಅದಕ್ಕೆ ಆಸರೆಯಾಗಿದ್ದ ನಮ್ಮ ದೆಹಲಿಯ ಸಂಶೋಧಕರ ಕರಡು ಪ್ರಬಂಧವನ್ನು ಬರೆದವರೇ ಫೆಬ್ರುವರಿಯಲ್ಲಿ ಹಿಂತೆಗೆದುಕೊಂಡಿದ್ದರು! ಅಂಥ ತುಣುಕುಗಳು ಎಷ್ಟೋ ಬೇರೆ ವೈರಸ್ಸುಗಳಲ್ಲೂ ಸಿಗುತ್ತವೆ.

ಇನ್ನು 2021ರ ಮೇ ತಿಂಗಳ ಆ ವಾಟ್ಸ್‌ಆ್ಯಪ್ ಸಂದೇಶ. ‘ಲಸಿಕೆ ಹಾಕಿಸಿಕೊಂಡವರೆಲ್ಲ ಎರಡು ವರ್ಷದಲ್ಲಿ ಸಾಯುತ್ತಾರೆ: ನೊಬೆಲ್ ವಿಜ್ಞಾನಿ.’ ಮೊಂಟಾನಿಯೆ ಹಾಗೆ ಹೇಳಿಯೇ ಇರಲಿಲ್ಲ. ಲಸಿಕೆಯಿಂದಲೇ ವೈರಸ್ಸಿನ ರೂಪಾಂತರಿಗಳು ಹುಟ್ಟುತ್ತವೆ ಎಂದಿದ್ದರು, ಅದೂ ತಪ್ಪೇ. ಸಂದೇಶ ಸುಳ್ಳೆಂದು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಅದೇ ತಿಂಗಳು ಸ್ಪಷ್ಟಪಡಿಸಿತು. ಆದರೆ ಅಷ್ಟರಲ್ಲಿ ನನ್ನ ಭಾವನವರು ಅದನ್ನು ನಮ್ಮ ಮನೆಗೂ ಕಳಿಸಿಯಾಗಿತ್ತು. ಎರಡನೇ ಡೋಸ್ ದಿನ ತಾಯಿ ದೇವರ ಕೋಣೆಯ ಚಿಲಕ ಹಾಕಿಕೊಂಡು ಕುಳಿತರು. ಆಟೊದವನು ಕೆಳಗೆ ಹಾರ್ನ್ ಬಾರಿಸುತ್ತಿದ್ದ, ನಾನು ಬಾಗಿಲ ಸಂದಿನಲ್ಲಿ ವೈರಸ್ ಪಾಠ ಮಾಡುತ್ತಿದ್ದೆ. ಕೊನೆಗೆ ಆರು ವಾರ ತಡವಾಗಿ ಹಾಕಿಸಿದೆ. ಎರಡು ವರ್ಷದ ಆ ಗಡುವು 2023ರ ಮೇ ತಿಂಗಳಿಗೇ ಮುಗಿಯಿತು. ತಾಯಿ ಇವತ್ತು ಬೆಳಿಗ್ಗೆಯೂ ರಿಮೋಟ್‌ಗಾಗಿ ನನ್ನೊಡನೆ ಜಗಳವಾಡಿದರು. ಗಡುವಿನ ಬಗ್ಗೆ ಭಾವನವರು ಚಕಾರವೆತ್ತುವುದಿಲ್ಲ. ಭಾನುವಾರ ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವರು ಅವರೇ.

ನೊಬೆಲ್ ಚಿತ್ರವೇ ಬೇಕೆಂದಿದ್ದರೆ, ಅದೇ ಶೋಧಕ್ಕೆ ಅದೇ ವರ್ಷ ನೊಬೆಲ್ ಹಂಚಿಕೊಂಡ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಅವರ ಚಿತ್ರ ಹಾಕಬಹುದಿತ್ತು. 2020ರ ಮಾರ್ಚ್‌ನಲ್ಲಿ ಫ್ರಾನ್ಸ್ ಸರ್ಕಾರ ಕೋವಿಡ್ ಸಲಹಾ ಸಮಿತಿಯೊಂದಕ್ಕೆ ಅಧ್ಯಕ್ಷೆಯಾಗಿ ಕರೆದದ್ದು ಅವರನ್ನು. ಆದರೆ ಅವರು ಭಾಷಣಕಾರರಿಗೆ ಬೇಕಾದ್ದನ್ನು ಹೇಳಿಲ್ಲವಲ್ಲ!

ಈ ಉಪನ್ಯಾಸಕ್ಕೆ ಭವನ ಕೊಟ್ಟವರು ಯಾರು? ನಮ್ಮ ಹಿರಿಯ ನಾಗರಿಕರ ಕಣ್ಣಿನ ತಪಾಸಣೆಗೆ ಕೇಳಿದಾಗ ಮೂರು ಕಡೆಯಿಂದ ಅನುಮತಿ ತನ್ನಿ ಎಂದು ಓಡಾಡಿಸಿದ ಅದೇ ಅಧಿಕಾರಿಗಳು. ಇವರಿಗೆ ಮಾತ್ರ ಧ್ವನಿವರ್ಧಕ ಸಮೇತ ಒಂದೇ ದಿನದಲ್ಲಿ ಸಿಕ್ಕಿತು. ದಡಾರ ಲಸಿಕೆ ಹಾಕಿಸಬೇಕಾದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ತಾಯಿ ಅಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು. ಅದು ವರದಿಗಾರರ ಕಣ್ಣಿಗೆ ಬೀಳಲಿಲ್ಲವೇ?

ಇಂಥವರಿಗೆ ಭವನ ಕೊಡುವುದನ್ನು ನಿಲ್ಲಿಸಬೇಕು. ಕೊಡಲೇಬೇಕೆಂದಿದ್ದರೆ ಪಕ್ಕದಲ್ಲಿ ಒಬ್ಬ ವೈದ್ಯರನ್ನಾದರೂ ಕೂರಿಸಲಿ, ಮೈಕು ಹಿಂದಿನ ಸಾಲಿಗೂ ಬರಲಿ. ಸಂಬಂಧಪಟ್ಟವರು ಏನಾದರೂ ಮಾಡಲಿ, ನೀವೂ ಬರೆಯುವ ಮುಂಚೆ ಸ್ವಲ್ಪ ವಿಚಾರಿಸಿ. ಮುಂದಿನ ಭಾನುವಾರ ಉಪನ್ಯಾಸದ ಎರಡನೇ ಭಾಗವಂತೆ. ಒಂದು ವರ್ಷದಿಂದ ಉರಿಯದ ನಮ್ಮ ಬೀದಿದೀಪದ ಕಂಬಕ್ಕೆ ಬ್ಯಾನರ್ ಆಗಲೇ ಕಟ್ಟಿದ್ದಾರೆ.

ಇಂತಿ,
ನಿಮ್ಮ ಹಳೆಯ ಓದುಗ