ಮಳೆಗಾಲಕ್ಕೆ ಮುಂಚೆ ಹಾಸ್ಟೆಲಿನಲ್ಲಿ ಆಗಬೇಕಾದ ಕೆಲಸ

ಕೊಲಂಬಸ್, ಓಹಾಯೊ

ತೀರ್ಥರೂಪ ದೊಡ್ಡಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಮಡಿಕೇರಿಯಲ್ಲಿ ತಾವೂ ದೊಡ್ಡಮ್ಮನೂ ಕ್ಷೇಮವೆಂದು ನಂಬಿದ್ದೇನೆ.

ವಾರ್ಡನ್ ಹೊಣೆ ತಮ್ಮ ಮೇಲೆ ಬಂದಿರುವುದರಿಂದ, ಅಪಾಯದ ಸುದ್ದಿಯನ್ನು ಇಲ್ಲಿನ ಕಾಲೇಜುಗಳು ಮಕ್ಕಳಿಗೆ ಹೇಗೆ ಮುಟ್ಟಿಸುತ್ತವೆಂದು ಕೇಳಿದ್ದಿರಿ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಹಾಸ್ಟೆಲೊಂದರಲ್ಲಿ ಬೆಳಿಗ್ಗೆ 7.15ರ ಸುಮಾರಿಗೆ ಇಬ್ಬರನ್ನು ಗುಂಡಿಟ್ಟು ಕೊಂದಾಗ, ಉಳಿದವರಿಗೆ ಮೊದಲ ಇ-ಮೇಲ್ ಹೋದದ್ದು 9.26ಕ್ಕೆ, ಅದಾದ ಕಾಲು ಗಂಟೆಯಲ್ಲೇ ಅದೇ ಕೊಲೆಗಾರ ತರಗತಿಗಳಿಗೆ ನುಗ್ಗಿ ಇನ್ನೂ 30 ಮಂದಿಯನ್ನು ಕೊಂದ. ತಮಿಳುನಾಡಿನಲ್ಲಿ ಹುಟ್ಟಿದ ಪ್ರೊಫೆಸರ್ ಲೋಗನಾಥನ್ ಅವರೂ ಸತ್ತವರಲ್ಲಿ ಒಬ್ಬರು. ಮರುವರ್ಷ ಇಲ್ಲಿನ ಕಾಲೇಜುಗಳ ಸುರಕ್ಷತೆಗೆ ಸಂಬಂಧಿಸಿದ ಕ್ಲೆರಿ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯ ಖಚಿತವಾದೊಡನೆ ಕ್ಯಾಂಪಸ್ಸಿಗೆ ತಿಳಿಸುವುದೂ ಆ ವ್ಯವಸ್ಥೆಯನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸುವುದೂ ಕಡ್ಡಾಯವಾದವು.

ಆದರೆ ಇಂಥ ಎಚ್ಚರಿಕೆಯ ಎಸ್ಸೆಮ್ಮೆಸ್ ತಲುಪುವುದು ಪಟ್ಟಿಯಲ್ಲಿರುವ ನಂಬರಿಗೆ ಮಾತ್ರ. ಮೊದಮೊದಲು ಅನೇಕ ವಿಶ್ವವಿದ್ಯಾಲಯಗಳು ಹೆಸರು ಕೊಡುವುದನ್ನು ಮಕ್ಕಳ ಇಷ್ಟಕ್ಕೆ ಬಿಟ್ಟಿದ್ದವು. ಬಹಳ ಮಂದಿ ಕೊಡಲೇ ಇಲ್ಲ. ಈಗ ಬಹುಕಡೆ ಎಲ್ಲರನ್ನೂ ತಾವೇ ಸೇರಿಸುತ್ತಾರೆ, ಬೇಡವೆಂದವರಷ್ಟೇ ಬಿಡಿಸಿಕೊಳ್ಳಬೇಕು. ಅಷ್ಟಾದರೂ, ಅರ್ಜಿಯಲ್ಲಿ ಊರಿನ ನಂಬರ್ ಬರೆದು ಇಲ್ಲಿ ಹೊಸ ಸಿಮ್ ಕೊಳ್ಳುವ ಪರದೇಶದ ಮಕ್ಕಳು ತಪ್ಪಿಹೋಗುತ್ತಾರೆ. ಆದ್ದರಿಂದ ನಾವು ಕನ್ನಡದ ಮಕ್ಕಳು ಹೊಸಬರು ಬಂದ ವಾರದಲ್ಲೇ ಪಕ್ಕದಲ್ಲಿ ಕೂತು ನಂಬರ್ ತಿದ್ದಿಸುತ್ತೇವೆ, ಪರೀಕ್ಷಾ ಸಂದೇಶ ಬಂದ ದಿನ ಯಾರಿಗೆ ಬರಲಿಲ್ಲವೆಂದು ವಾಟ್ಸಾಪಿನಲ್ಲಿ ವಿಚಾರಿಸುತ್ತೇವೆ. ಇಲ್ಲಿ ಬುಧವಾರ ಮಧ್ಯಾಹ್ನ 12ಕ್ಕೆ ಸುಂಟರಗಾಳಿಯ ಸೈರನ್ ಪರೀಕ್ಷೆಗೆಂದು ಕೂಗುತ್ತದೆ. ಬೇರೆ ಹೊತ್ತಿನಲ್ಲಿ ಕೂಗಿದರೆ ಕಿಟಕಿಯಿಂದ ದೂರ, ಕೆಳಗಿನ ಅಂತಸ್ತಿಗೆ ಇಳಿಯಬೇಕೆಂದು ಹೊಸಬರಿಗೆ ಹೇಳಿಕೊಡುವವರೂ ಹಿರಿಯ ವಿದ್ಯಾರ್ಥಿಗಳೇ.

ನಮ್ಮ ಕೊಡಗಿಗೆ ಮೊಬೈಲೊಂದನ್ನೇ ನಂಬಿದರೆ ಸಾಲದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಕರೆಂಟೂ ಇರಲಿಲ್ಲ, ಫೋನೂ ಸಿಗುತ್ತಿರಲಿಲ್ಲ. ಈಗ ಸರ್ಕಾರ ಪರೀಕ್ಷಿಸಿರುವ ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆಗೆ ನಂಬರಿನ ಪಟ್ಟಿ ಬೇಡ, ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಒಟ್ಟಿಗೆ ಬರುತ್ತದೆ, ನಿಜ; ಟವರೇ ನಿಂತುಹೋದರೆ ಅದೂ ಇಲ್ಲ.

ಹಾಗಾಗಿ ಮುಂಗಾರು ಹಿಡಿಯುವ ಮೊದಲು, ಮಹಡಿಗೆ ಇಬ್ಬರಂತೆ ವಿದ್ಯಾರ್ಥಿಗಳನ್ನು ಮಕ್ಕಳಿಂದಲೇ ಆರಿಸಿ. ನೋಟಿಸ್ ಬೋರ್ಡಿನ ಮಾತಿಗಿಂತ ಪಕ್ಕದ ಕೋಣೆಯವರ ಮಾತನ್ನು ಮಕ್ಕಳು ಬೇಗ ಕೇಳುತ್ತಾರೆಂಬುದು ನಾನು ಇಲ್ಲಿ ಕಣ್ಣಾರೆ ಕಂಡದ್ದು. ಕೋಣೆ, ಫೋನ್ ನಂಬರ್, ಊರು, ಮನೆಯ ಹತ್ತಿರದವರ ಇನ್ನೊಂದು ನಂಬರ್, ಇಷ್ಟನ್ನು ಕಾಗದದ ಮೇಲೆ ಬರೆದು ಅವರ ಕೈಯಲ್ಲೇ ಇರಿಸಿ. ಕರೆಂಟಿಲ್ಲದೆಯೂ ಬಾರಿಸಬಹುದಾದ ಗಂಟೆ ಒಂದಿರಲಿ. ಒಂದು ರಾತ್ರಿ ಅದನ್ನು ಬಾರಿಸಿ, ಎಲ್ಲರೂ ಹೊರಗೆ ಬಂದು ಲೆಕ್ಕ ಸಿಗಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಿ. ನಿದ್ದೆ ಕೆಟ್ಟಿತೆಂದು ಹುಡುಗರು ಗೊಣಗಬಹುದು, ಗೊಣಗಲಿ.

ಪಟ್ಟಿಯ ನಮೂನೆಯೊಂದನ್ನು ಇದರ ಜೊತೆ ಕಳಿಸಿದ್ದೇನೆ. ಜೋರು ಮಳೆಯ ಸದ್ದಿನಲ್ಲಿ ಗಂಟೆ ಹಿಂದಿನ ಕೋಣೆಗಳಿಗೂ ಕೇಳಿಸುತ್ತದೆಯೇ ಎಂಬುದನ್ನು ನೋಡಿ, ದಯವಿಟ್ಟು ತಿಳಿಸಿ.

ಇಂತಿ ತಮ್ಮ ಮಗಳು