ಮಗಳಿಗೊಂದು ಪತ್ರ: ಹದಿನೈದು ದಿನದ ಮೆಣಸಿನಕಾಯಿ ಕೆಲಸಕ್ಕೆ ಹೊರಟವಳಿಗೆ

ಬ್ಯಾಡಗಿ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದ.

ಇಥಿಯೋಪಿಯಾದ ರೈತ ಸಂಘದವರು ಕಳಿಸಿದ ಕೆಲಸದ ವಿವರ ಓದಿದೆ. ಪಗಾರ ಇಲ್ಲ, ಟಿಕೆಟ್, ವಸತಿ, ದಿನಭತ್ಯೆ ಅವರದು. ‘ಒಣ ಕಾಯಿಗೆ ಬೂಸ್ಟು ಬರುತ್ತಿದೆ, ರೈತರಿಗೆ ಒಣಗಿಸುವ ತರಬೇತಿ ಬೇಕು’ ಅಂತ ಬರೆದಿದ್ದಾರೆ. ಮೊದಲ ಅರ್ಧ ನಂಬು, ಎರಡನೆಯದನ್ನು ಈಗಲೇ ನಂಬಬೇಡ. ಒಣಗಿಸಲು ಬಾರದ್ದಕ್ಕೆ ಬೂಸ್ಟು ಬರುತ್ತಿದೆಯೋ, ಪೂರ್ತಿ ಒಣಗಿಸಿದರೆ ಲುಕ್ಸಾನು ಅಂತ ಅರ್ಧಕ್ಕೇ ಚೀಲಕ್ಕೆ ತುಂಬುತ್ತಾರೋ, ಅದನ್ನು ನೀನೇ ಅಲ್ಲಿ ಹೋಗಿ ನೋಡಬೇಕು.

ಲೆಕ್ಕ ಹಾಕು. ಹಣ್ಣು ಕಾಯಿಯಲ್ಲಿ ನೀರು ಶೇ. 75 ಅಂತ ಹಿಡಿದರೆ 10 ಕಿಲೋದಲ್ಲಿ ಒಣ ಪದಾರ್ಥ ಎರಡೂವರೆ ಕಿಲೋ. ಅದು ನಮಗೆ ಬೇಕಾದ ಶೇ. 10ರ ತೇವಕ್ಕೆ ಬಂದಾಗ ತಕ್ಕಡಿ 2 ಕಿಲೋ 780 ಗ್ರಾಂ ತೋರಿಸುತ್ತದೆ. ಆದರೆ ಅಲ್ಲಿಯ ಕಾಯಿಯಲ್ಲಿ ನೀರು ಶೇ. 80 ಇದ್ದರೆ? ಆಗ 2 ಕಿಲೋ 220 ಗ್ರಾಮಿಗೆ ಇಳಿಯಬೇಕು. ನೀನು ಇಲ್ಲಿಯ ಅಳತೆ ಹಿಡಿದು 2 ಕಿಲೋ 780ಕ್ಕೇ ‘ಸಾಕು’ ಅಂದರೆ ಒಳಗೆ ಶೇ. 28ರಷ್ಟು ತೇವ ಉಳಿಯುತ್ತದೆ. ಚೀಲದಲ್ಲೇ ಬೂಸ್ಟು ಹಿಡಿಯುತ್ತದೆ, ಹೆಸರು ನಿನ್ನದು ಕೆಡುತ್ತದೆ. ಅದಕ್ಕೇ ಹೋದ ದಿನವೇ 100 ಗ್ರಾಂ ಕಾಯಿ ಸಣ್ಣಗೆ ಕತ್ತರಿಸಿ, ಓವನ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಸಣ್ಣ ಉರಿಯ ಹಂಚಿನ ಮೇಲೆ, ಹೊತ್ತಿಸದೆ ಒಣಗಿಸು. ಎರಡು ಸಲ ತೂಗಿದರೂ ಒಂದೇ ತೂಕ ಬರುವ ತನಕ ಬಿಡಬೇಡ. 20 ಗ್ರಾಂ ಉಳಿದರೆ ನೀರು ಶೇ. 80. ಆಮೇಲೆ ಒಂದು ತಟ್ಟೆಗೆ ಗುರುತು ಹಾಕಿ, ಅದರಲ್ಲಿ 10 ಕಿಲೋ ಹರವಿ ದಿನಾ ಸಂಜೆ ತೂಗಿಸು. ತೇವ ಅಳೆಯುವ ಮೀಟರ್ ಕೆಟ್ಟರೂ ಈ ತಟ್ಟೆ ಕೆಡುವುದಿಲ್ಲ.

ಅದೇ ಲೆಕ್ಕವನ್ನು ರೈತನ ಕಡೆಯಿಂದ ನೋಡು. ನೆಟ್ಟಗೆ ಒಣಗಿಸಿದವನಿಗೆ 10 ಕಿಲೋ ಹಸಿ ಕಾಯಿಗೆ ಅರ್ಧ ಕಿಲೋಕ್ಕೂ ಮೇಲೆ ತೂಕ ಹೋಯಿತು. ಕೊಳ್ಳುವವ ತೇವ ನೋಡದೆ ತೂಕಕ್ಕಷ್ಟೇ ದುಡ್ಡು ಕೊಟ್ಟರೆ ಯಾವ ರೈತ ತಾನೇ ಒಣಗಿಸಿಯಾನು? ಮುರಿಯಬಾರದು, ತೂಕ ಬರಲಿ ಅಂತ ಒಣ ಕಾಯಿಗೆ ನೀರು ಚಿಮುಕಿಸುವ ಚಟ ನಮ್ಮ ಕಡೆಯೂ ಇದೆ. ಅಲ್ಲಿ ಯಾರು, ಯಾವ ಹಂತದಲ್ಲಿ ಚಿಮುಕಿಸುತ್ತಾರೆ ಅಂತ ಮೊದಲ ಎರಡು ದಿನ ಸುಮ್ಮನೆ ಕೇಳುತ್ತಾ ತಿರುಗು. ಸಂಘದವರು ತೇವಕ್ಕೆ ತಕ್ಕಂತೆ ದರ ಕೊಡಲು ಒಪ್ಪಿದರೆ ನಿನ್ನ ಅರ್ಧ ಕೆಲಸ ಮುಗಿದಂತೆ. ಒಪ್ಪದಿದ್ದರೆ ಎಷ್ಟು ತರಬೇತಿ ಕೊಟ್ಟರೂ ಹೊಳೆಯಲ್ಲಿ ಹುಣಸೆ ತೊಳೆದಂತೆ.

ಬೂಸ್ಟು ಹುಡುಕುವಾಗ ಮೇಲಿನ ಕೆಂಪು ನೋಡಿ ಮೋಸ ಹೋಗಬೇಡ. ಕಾಯಿ ಕಿವಿ ಹತ್ತಿರ ಹಿಡಿದು ಅಲುಗಿಸು, ಬೀಜ ಗಲಗಲ ಅನ್ನಬೇಕು. ತೊಟ್ಟಿನ ಬುಡ ಎಲ್ಲಕ್ಕಿಂತ ಕೊನೆಗೆ ಒಣಗುತ್ತದೆ. ಅಲ್ಲಿಂದ ಉದ್ದಕ್ಕೆ ಸೀಳಿ ನೋಡು: ಬೀಜದ ಗೊಂಚಲಿನ ಸುತ್ತ ಬೂದು ಬಣ್ಣದ ಹತ್ತಿಯಂಥದ್ದು ಕಂಡರೆ ಆ ರಾಶಿ ಬೇರೆ ಇಡಿಸು. ಕೆಲವು ಬೂಸ್ಟು ಬಿಡುವ ವಿಷವಾದ ಅಫ್ಲಾಟಾಕ್ಸಿನ್‌ಗೆ ವಾಸನೆ ಇಲ್ಲ, ರುಚಿ ಇಲ್ಲ, ಅಡಿಗೆಯ ಬಿಸಿಗೆ ಪೂರ್ತಿ ಹೋಗುವುದೂ ಇಲ್ಲ. ಯುರೋಪಿಗೆ ಕಳಿಸುವ ಮಾಲಿಗೆ ಕಿಲೋಕ್ಕೆ ಒಟ್ಟು 10 ಮೈಕ್ರೋಗ್ರಾಂ ಮಿತಿ. ಒಂದು ಕೆಟ್ಟ ಕಾಯಿ ಇಡೀ ಚೀಲದ ಪುಡಿ ಕೆಡಿಸಬಲ್ಲದು, ಅದು ಯಾವ ಚೀಲದಲ್ಲಿದೆ ಅಂತ ಗೊತ್ತಾಗದು; ಅದಕ್ಕೇ ತಪಾಸಣೆಗೆ ಒಂದೇ ಚೀಲದಿಂದ ಮಾದರಿ ತೆಗೆಯಬೇಡ. ಬಹಳ ಚೀಲಗಳ ಮೇಲೆ, ನಡು, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಕೂಡಿಸು.

ಒಣಗಿಸುವುದರಲ್ಲಿ ಹೊಸದೇನಿಲ್ಲ. ಬರೀ ನೆಲಕ್ಕೆ ಹಾಕಬಾರದು; ಸೊಂಟದ ಎತ್ತರದ ಜಾಳಿಗೆಯ ಮೇಲೆ ಎರಡು ಇಂಚಿಗಿಂತ ದಪ್ಪ ಆಗದಂತೆ ಹರವಬೇಕು, ಮುರಿದದ್ದು, ಹುಳ ಕೊರೆದದ್ದು ಮೊದಲೇ ಆರಿಸಬೇಕು. ರಾತ್ರಿ ತಾಡಪತ್ರಿ ನೇರ ಕಾಯಿಯ ಮೇಲೆ ಹೊದಿಸಿದರೆ ಕಾಯಿಯ ಬೆವರು ಅದರ ಒಳಮೈಗೆ ಹನಿಗಟ್ಟಿ ಮತ್ತೆ ಕಾಯಿಗೇ ಬೀಳುತ್ತದೆ. ಗಳ ಕಟ್ಟಿ ನಡುವೆ ಗಾಳಿ ಬಿಟ್ಟು ಹೊದಿಸಲಿ. ದೊಡ್ಡ ಡ್ರೈಯರ್ ಕೊಳ್ಳಿರಿ ಅಂತ ಬರೆಯುವ ಆಸೆ ಬರುತ್ತದೆ, ಬರೆಯಬೇಡ. ಅದರ ಫ್ಯಾನ್ ಕೆಟ್ಟ ದಿನ ನೀನು ಧಾರವಾಡದಲ್ಲಿರುತ್ತೀ.

ಹದಿನೈದು ದಿನದಲ್ಲಿ ಹೋಗಿ ಬರುವುದಕ್ಕೆ ಎರಡು, ಭಾನುವಾರ ಎರಡು, ವರದಿಗೆ ಎರಡು ತೆಗೆದರೆ ಕೈಗೆ ಒಂಬತ್ತೇ. ದುಭಾಷಿಯ ಜೊತೆ ಹೊತ್ತು ಗೊತ್ತು ಮಾಡುವಾಗ ಹುಷಾರು: ಅಲ್ಲಿ ದಿನದ ಗಂಟೆ ಸೂರ್ಯೋದಯದಿಂದ ಶುರು, ನಮ್ಮ ಹಳೆಯ ಗಳಿಗೆ ಲೆಕ್ಕದ ಹಾಗೆ. ಅವರ ‘ಎರಡು ಗಂಟೆ’ ನಮ್ಮ ಬೆಳಗಿನ ಎಂಟು. ವರ್ಷಕ್ಕೆ ತಿಂಗಳು 13, ಇಸವಿ ನಮಗಿಂತ ಏಳೆಂಟು ಹಿಂದೆ. ಸಂಘದ ದಾಖಲೆಯಿಂದ ತಾರೀಖು ಎತ್ತುವಾಗ ಎರಡೂ ಲೆಕ್ಕ ಬರೆದುಕೋ. ವರದಿಯಲ್ಲಿ ನಾಲ್ಕೇ ಸಲಹೆ ಇರಲಿ; ಪ್ರತಿಯೊಂದಕ್ಕೂ ಯಾರು ಮಾಡಬೇಕು, ಎಷ್ಟು ಖರ್ಚು, ಯಾವಾಗ ಅಂತ ಬರೆ. ಹೊರಡುವ ಮುಂಚೆ ಅಲ್ಲಿಯ ಭಾಷೆಯಾದ ಅಮ್ಹಾರಿಕ್‌ನಲ್ಲಿ ಈ ಸಲಹೆಗಳ ಒಂದು ಹಾಳೆ ಮಾಡಿಸಿ ತೂಕದ ತಟ್ಟೆಯ ಹತ್ತಿರ ಗೋಡೆಗೆ ಅಂಟಿಸಿ ಬಾ.

ಹಳದಿ ಜ್ವರದ ಚುಚ್ಚುಮದ್ದು ಈ ವಾರವೇ ಆಗಲಿ. ಎಲ್ಲ ದವಾಖಾನೆಯಲ್ಲೂ ಹಾಕುವುದಿಲ್ಲ, ಸರಕಾರ ಒಪ್ಪಿದ ಕೇಂದ್ರದಲ್ಲಷ್ಟೇ. ಒಂದು ಬಾಟಲಿಯಲ್ಲಿ ಹಲವರ ಡೋಸ್ ಇರುವುದರಿಂದ, ಒಡೆದ ಮೇಲೆ ಆರು ತಾಸಿನಲ್ಲಿ ಮುಗಿಯಬೇಕಾದ್ದರಿಂದ, ವಾರಕ್ಕೆ ಒಂದೆರಡು ದಿನ ಮಾತ್ರ ಹಾಕುವ ಕಡೆಗಳಿವೆ. ಕಾರ್ಡು ಹತ್ತು ದಿನದ ಮೇಲೆ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಅಲ್ಲಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದ ತನಕ ಬೇರೆ ಇಡಬಹುದು. ತತ್ತಿಯ ಅಲರ್ಜಿ ಇದ್ದವರು ಮೊದಲೇ ಡಾಕ್ಟರಿಗೆ ಹೇಳಬೇಕು. ನಿನಗಿಲ್ಲ, ಜೊತೆಗೆ ಬರುವ ಗೆಳತಿಯನ್ನು ಕೇಳು. ವೀಸಾ ಯಾವ ಬಗೆಯದು ಬೇಕು ಅಂತ ಕರೆದವರಿಂದಲೇ ಬರಹದಲ್ಲಿ ತರಿಸಿಕೋ, ಪ್ರವಾಸಿ ವೀಸಾ ಸಾಕು ಅಂತ ನೀನೇ ಊಹಿಸಬೇಡ. ಅಡಿಸ್ ಅಬಾಬಾ 2,300 ಮೀಟರಿಗಿಂತ ಎತ್ತರದಲ್ಲಿದೆ, ಸ್ವೆಟರ್ ಇರಲಿ. ತಗ್ಗಿನ ಹಳ್ಳಿಗಳಲ್ಲಿ ಮಲೇರಿಯಾ ಇದೆ, ಗುಳಿಗೆಯ ಬಗ್ಗೆಯೂ ಕೇಳು.

ಊಟದ ಚಿಂತೆ ಬೇಡ. ಬುಧವಾರ, ಶುಕ್ರವಾರ ಅಲ್ಲಿಯ ಆರ್ಥೊಡಾಕ್ಸ್ ಪಂಥದ ಕ್ರೈಸ್ತರಿಗೆ ಉಪವಾಸ, ಮಾಂಸ ಹಾಲು ಮುಟ್ಟುವುದಿಲ್ಲ. ‘ತ್ಸೋಮ್’, ಅಂದರೆ ಉಪವಾಸದ್ದು, ಅಂತ ಕೇಳಿದರೆ ಇಂಜೆರಾದ ಮೇಲೆ ಬೇಳೆ, ಪಲ್ಯ ಹಾಕಿ ಕೊಡುತ್ತಾರೆ. ಇಂಜೆರಾ ಹುಳಿ ದೋಸೆಯ ಹಾಗೆ, ತೆಫ್ ಎಂಬ ಸಣ್ಣ ಕಾಳಿನದು. ಶೇಂಗಾ ಚಟ್ನಿಪುಡಿ ಕಟ್ಟಿಡುತ್ತೇನೆ. ಬ್ಯಾಡಗಿ ಬೀಜದ ಪೊಟ್ಟಣ ಮಾತ್ರ ‘ತೋರಿಸಲಿಕ್ಕೆ’ ಅಂತ ಚೀಲದಲ್ಲಿ ಇಟ್ಟುಕೊಳ್ಳಬೇಡ. ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದ ಬೀಜವನ್ನು ತಡೆದರೆ ತಪ್ಪು ನಿನ್ನದೇ. ಬರುವಾಗ ಅಲ್ಲಿಯದೂ ತರಬೇಡ, ಫೋಟೋ ಸಾಕು.

ನಿನ್ನ ಅವ್ವ