ಮುಗಿಯದ ಕೆಲಸದ ಬಗ್ಗೆ ಮಗಳಿಗೆ

ಕಲಬುರಗಿ
ಎಳ್ಳಮಾವಾಸ್ಯೆಯ ಮರುದಿನ

ಚಿರಂಜೀವಿ ಮಗಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಎಂಟು ದಿನಗಳಾದವು. ಮನೆಯ ಸುದ್ದಿಯನ್ನೆಲ್ಲ ಅಣ್ಣ ಫೋನಿನಲ್ಲಿ ಹೇಳಿರುತ್ತಾನೆ, ಅದನ್ನು ನಾನು ಮತ್ತೆ ಬರೆಯುವುದಿಲ್ಲ. ನಾಲ್ಕು ಪುಟಗಳ ಆ ಪತ್ರದಲ್ಲಿ ಕೊನೆಯ ಪುಟದ ಒಂದೇ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. ತೊಗರಿ ಗಿಡವನ್ನು ಒಣಗಿಸುವ ನೆಟೆ ರೋಗದ ಮೇಲಿನ ನಿನ್ನ ಪ್ರಯೋಗ ಮೂರನೆಯ ಸಲವೂ ಕೈಗೂಡಲಿಲ್ಲವೆಂದು ತಿಳಿಸಿ, ಅದರ ಕೆಳಗೆ, “ಕಾಕಾ, ನಾನು ಹಿಡಿದ ಕೆಲಸ ನಾನಿರುವ ತನಕ ಮುಗಿಯುವುದೇ ಇಲ್ಲವೆಂದಾದರೆ ಹಿಡಿದದ್ದಾದರೂ ಯಾಕೆ?” ಎಂದು ಕೇಳಿದ್ದೀಯಲ್ಲ, ಆ ಸಾಲು. ನಿನ್ನೆ ಹೊಲದಲ್ಲಿ ಚರಗ ಚೆಲ್ಲುವಾಗಲೂ ಅದೇ ತಲೆಯಲ್ಲಿತ್ತು. ಸಜ್ಜೆ ರೊಟ್ಟಿ, ಭಜ್ಜಿ ಮುಂದಿಟ್ಟುಕೊಂಡು ಸುಮ್ಮನೆ ಕುಳಿತದ್ದನ್ನು ನೋಡಿ ನಿನ್ನ ಕಾಕಿ, ಬೇಳೆಯ ದರ ಮತ್ತೆ ಬಿತ್ತೇ ಎಂದು ಕೇಳಿದಳು.

ಪತ್ರದ ಜೊತೆ ನೀನು ಒಂದು ಫೋಟೋ ಕಳಿಸಿದ್ದೀ. ಬೆಂಗಳೂರಿನ ನಿಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಮುಖ್ಯ ಕಟ್ಟಡದೆದುರು ನೀನು ನಿಂತಿದ್ದೀ, ನಿನ್ನ ಹಿಂದೆ ಅದರ ಕನಸು ಕಂಡ ಉದ್ಯಮಿ ಜಮ್‌ಶೆಟ್‌ಜಿ ಟಾಟಾ ಅವರ ಪ್ರತಿಮೆಯಿದೆ. ಅವರ ಕೈಯಲ್ಲಿ ಅದೇ ಸಂಸ್ಥೆಯ ಪುಟ್ಟ ಮಾದರಿಯಿದೆ. ಕನ್ನಡಕ ಒರೆಸಿ ಒರೆಸಿ ಅದನ್ನು ನೋಡಿದೆ. ಅವರು 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ತೀರಿಕೊಂಡರು. ನಿಮ್ಮ ಸಂಸ್ಥೆ ಅಧಿಕೃತವಾಗಿ ಅಸ್ತಿತ್ವಕ್ಕೆ ಬಂದದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಪ್ರತಿಮೆ ಕೈಯಲ್ಲಿ ಹಿಡಿದಿರುವ ಆ ಕಟ್ಟಡವನ್ನು ಆ ಮನುಷ್ಯ ಕಣ್ಣಿನಿಂದ ನೋಡಲೇ ಇಲ್ಲ. ದಿನವೂ ಅದರ ಮುಂದೆ ಹಾದುಹೋಗುವ ನಿನಗೆ ಇದು ತಿಳಿಯದ ಸಂಗತಿಯಲ್ಲ. ಆದರೂ ನೀನು ಕೇಳಿದ ಪ್ರಶ್ನೆಗೆ ನನಗೆ ಮೊದಲು ನೆನಪಾದದ್ದು ಅದೇ.

1898ರಲ್ಲಿ ಅವರು ತಮ್ಮ ಆಸ್ತಿಯಲ್ಲಿ ಸುಮಾರು ಮೂವತ್ತು ಲಕ್ಷ ರೂಪಾಯಿಯನ್ನು ಒಂದು ಸಂಶೋಧನಾ ಸಂಸ್ಥೆಗೆಂದು ಕೊಡಲು ಮುಂದೆ ಬಂದರು. ಆ ವರ್ಷದ ಕೊನೆಯ ದಿನ, ವೈಸ್‌ರಾಯ್ ಆಗಲೆಂದು ಆಗಷ್ಟೇ ಮುಂಬೈಗೆ ಬಂದಿಳಿದಿದ್ದ ಕರ್ಜನ್ನರ ಮುಂದೆ ಆ ಯೋಜನೆಯನ್ನು ಇಟ್ಟರು. ಕರ್ಜನ್ನರಿಗಿದ್ದ ಅನುಮಾನಗಳು ನಿನ್ನ ಅನುಮಾನಗಳ ಅಣ್ಣತಮ್ಮಂದಿರಂತೆಯೇ ಇವೆ. ಇಂಥ ಕಲಿಕೆಗೆ ವಿದ್ಯಾರ್ಥಿಗಳು ಎಲ್ಲಿಂದ ಬರುತ್ತಾರೆ, ಕಲಿತವರಿಗೆ ಕೆಲಸ ಎಲ್ಲಿದೆ ಎಂದು ಅವರು ಕೇಳಿದರು. ಆಮೇಲೆ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ 1900ರಲ್ಲಿ ದೇಶ ಸುತ್ತಿ ಬೆಂಗಳೂರೇ ಸೂಕ್ತವೆಂದು ಹೇಳಿದರು. ಅದಾದ ಮೇಲೆ ಮತ್ತೊಂದು ಸಮಿತಿ, ಮತ್ತೊಂದು ವರದಿ. ಕೊಡುವವನು ಕೈ ಚಾಚಿ ನಿಂತಿದ್ದಾನೆ, ತೆಗೆದುಕೊಳ್ಳಬೇಕಾದವರು ಲೆಕ್ಕ ಕೇಳುತ್ತಿದ್ದಾರೆ. ಹೀಗೆ ಆರು ವರ್ಷ ಕಳೆದು, ಅವರು ಹೋಗಿಯೇಬಿಟ್ಟರು. ಮೈಸೂರಿನ ಅರಸರು 371 ಎಕರೆ ಜಮೀನು ಕೊಟ್ಟದ್ದು ಕೂಡ ಅವರು ಹೋದ ಮೇಲೆಯೇ.

ಅವರ ಉಕ್ಕಿನ ಕಾರ್ಖಾನೆಯ ಕಥೆಯೂ ಹೀಗೆಯೇ. ಕಾರ್ಖಾನೆಯ ಸುತ್ತ ಕಟ್ಟಬೇಕಾದ ಊರಿನ ಬಗ್ಗೆ 1902ರಲ್ಲಿ ಅವರು ಮಗ ದೊರಾಬ್ಜಿಗೆ ಬರೆದ ಪತ್ರವೊಂದಿದೆ. ಬೀದಿಗಳು ಅಗಲವಾಗಿರಬೇಕು, ಬೇಗ ಬೆಳೆದು ನೆರಳು ಕೊಡುವ ಗಿಡಗಳನ್ನು ಹಚ್ಚಬೇಕು, ಆಟದ ಬಯಲಿಗೆ, ಗುಡಿ, ಮಸೀದಿ, ಚರ್ಚುಗಳಿಗೆ ಜಾಗ ಬಿಡಬೇಕು ಎಂದು ಅದರಲ್ಲಿ ಸೂಚಿಸಿದ್ದರು. ಆಗ ಆ ಊರು ಎಲ್ಲಿ ಏಳುತ್ತದೆಂಬುದೇ ಗೊತ್ತಾಗಿರಲಿಲ್ಲ, ಮಗಳೇ. ಕಂಪನಿ ಆದದ್ದು 1907ರಲ್ಲಿ, ಸಾಕಚಿಯಲ್ಲಿ ಮೊದಲ ಉಕ್ಕು ಹೊರಬಂದದ್ದು 1912ರಲ್ಲಿ, ಆ ಹಳ್ಳಿ ಜಮ್‌ಶೆಡ್‌ಪುರವಾದದ್ದು 1919ರಲ್ಲಿ. ಅವರು ಯೋಚಿಸಿದ್ದ, ಮುಂಬೈ ಸಮೀಪದ ಖೋಪೋಲಿಯ ಜಲವಿದ್ಯುತ್ತು ಹರಿದದ್ದು 1915ರಲ್ಲಿ. ಅವರ ದೊಡ್ಡ ಕನಸುಗಳಲ್ಲಿ ಅವರ ಕಣ್ಣೆದುರು ಬಾಗಿಲು ತೆರೆದದ್ದು ಮುಂಬೈಯ ತಾಜ್ ಹೋಟೆಲು ಒಂದೇ, ಅದೂ ಸಾಯುವುದಕ್ಕೆ ಐದು ತಿಂಗಳು ಮುಂಚೆ, 1903ರ ಡಿಸೆಂಬರಿನಲ್ಲಿ.

ಅವರನ್ನು ದೇವರ ಪಟದ ಸಾಲಿನಲ್ಲಿ ಕೂರಿಸಲು ಇದನ್ನು ಬರೆಯುತ್ತಿಲ್ಲ. ಅವರ ಮನೆತನದ ದುಡ್ಡಿನಲ್ಲಿ ಅಬಿಸೀನಿಯಾದ ಯುದ್ಧಕ್ಕೆ ಸರಕು ಒದಗಿಸಿ ಗಳಿಸಿದ್ದೂ ಸೇರಿತ್ತು. 1886ರಲ್ಲಿ ಕುರ್ಲಾದ ಹಳೆಯ ಬಟ್ಟೆ ಗಿರಣಿಯೊಂದನ್ನು ಕೊಂಡು ಅದನ್ನು ಹಳಿಗೆ ತರಲು ಅವರು ಪಟ್ಟ ಪಾಡು ಗಿರಣಿ ನಡೆಸಿದ ನನಗೆ ಓದಿದರೇ ಮೈ ಬೆವರುತ್ತದೆ. ಇನ್ನೊಂದು ಮಾತು ನಿನಗೆ ಹೊಳೆದೇ ಇರುತ್ತದೆ. ಅವರಿಗೆ ಹಣವಿತ್ತು, ದೊರಾಬ್ಜಿಯಂಥ ಮಗನಿದ್ದ, ಸಂಸ್ಥೆಯ ಯೋಜನೆಗಾಗಿ ದೇಶ ವಿದೇಶ ಸುತ್ತಿದ ಬುರ್ಜೋರ್ಜಿ ಪಾದ್‌ಶಾ ಅವರಿದ್ದರು. ನಿನಗಿರುವುದು ಹಾಸ್ಟೆಲಿನ ಒಂದು ಕೋಣೆ ಮತ್ತು ಒಣಗಿಹೋದ ತೊಗರಿ ಸಸಿಗಳು. ಅದು ನಿಜ. ಹಾಗಾಗಿ ಅವರಂತೆ ನೀನೂ ಧೈರ್ಯದಿಂದಿರು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ನನಗೆ ಆ ಸಾಲು ಯಾಕೆ ಅಷ್ಟು ಚುಚ್ಚಿತೆಂದರೆ, ಅದೇ ಮಾತನ್ನು ನಾನು 1991ರಲ್ಲಿ ಆಡಿದ್ದೆ, ಅದೂ ನಿನ್ನ ಅಜ್ಜನ ಎದುರಿಗೆ. ಕಪನೂರಿನ ನಮ್ಮ ಬೇಳೆ ಗಿರಣಿಯ ಹಿಂದಿನ ಜಾಗದಲ್ಲಿ, ಹಳ್ಳಿಗಳಿಂದ ಓದಲು ಬರುವ ಹೆಣ್ಣುಮಕ್ಕಳು ಉಳಿದುಕೊಳ್ಳಲು ಆರು ಕೋಣೆ ಕಟ್ಟಿಸಬೇಕೆಂದು ಅಪ್ಪ ಪಾಯ ತೋಡಿಸಿದ್ದರು. ಶಹಾಬಾದಿನಿಂದ ಎರಡು ಲಾರಿ ಫರಸಿಯೂ ಬಂದಿತ್ತು. ಆ ವರ್ಷ ತೊಗರಿಯ ವ್ಯಾಪಾರದಲ್ಲಿ ಪೆಟ್ಟು ಬಿದ್ದಿತ್ತು. ನಾನು ಲೆಕ್ಕದ ವಹಿ ತೆಗೆದು ಅಪ್ಪನ ಮುಂದಿಟ್ಟು, ಇದು ನಿಮ್ಮ ಕಾಲಕ್ಕೂ ಮುಗಿಯುವುದಿಲ್ಲ, ನನ್ನ ಕಾಲಕ್ಕೂ ಮುಗಿಯುವುದಿಲ್ಲ, ಮುಗಿಯದ್ದನ್ನು ಯಾಕೆ ಹಿಡಿಯಬೇಕು ಎಂದೆ. ಅವರು ತಿರುಗಿ ಮಾತಾಡಲಿಲ್ಲ. ಪೇಟ ಸರಿಮಾಡಿಕೊಂಡು ಎದ್ದು ಹೋದರು. ಮರುವರ್ಷ ಅವರೇ ಇರಲಿಲ್ಲ. ನಿನ್ನ ಸಣ್ಣತ್ತೆಯ ಓದು ಎಲ್ಲಿಗೆ ನಿಂತಿತೆಂಬುದು ಮನೆಯವರೆಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಆ ಫರಸಿಯನ್ನು ನಾನು ತೊಗರಿ ಒಣಹಾಕುವ ಅಂಗಳಕ್ಕೆ ಹಾಸಿಸಿದೆ. ಮೂವತ್ತು ಸುಗ್ಗಿಗಳಲ್ಲಿ, ಎಣ್ಣೆ ಸವರಿದ ತೊಗರಿಯನ್ನು ಅದರ ಮೇಲೆ ಹರವಿಸಿ, ಕೈಯಾಡಿಸಿ, ಮೋಡ ಕಂಡಾಗಲೆಲ್ಲ ತಾಡಪತ್ರಿ ಹೊದಿಸಿದ್ದೇನೆ. ನೀನೂ ಚಿಕ್ಕವಳಿದ್ದಾಗ ಅದರ ಮೇಲೆ ಕುಂಟಾಬಿಲ್ಲೆ ಆಡಿದವಳೇ. ಎಣ್ಣೆ ಕುಡಿದು ಕುಡಿದು ಆ ಕಲ್ಲುಗಳು ಈಗ ಕಪ್ಪಗಾಗಿವೆ. ಆರು ಕೋಣೆಗಳಲ್ಲಿ ಒಂದನ್ನಾದರೂ ಆ ವರ್ಷ ಎಬ್ಬಿಸಿದ್ದರೆ ಉಳಿದ ಐದನ್ನು ಅಣ್ಣನೋ, ಊರವರೋ, ಯಾರಾದರೂ ಕಟ್ಟುತ್ತಿದ್ದರೇನೋ. ಗೋಡೆ ಕಂಡರೆ ಜನ ಕೇಳುತ್ತಾರೆ, ಮುಚ್ಚಿದ ಪಾಯದ ಬಗ್ಗೆ ಯಾರೂ ಕೇಳುವುದಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಬಳಿ ಉತ್ತರವಿದೆಯೆಂದು ತಿಳಿಯಬೇಡ. ಲೆಕ್ಕ ಹಾಕಿ ಕೈಬಿಟ್ಟವನೊಬ್ಬ ಇಷ್ಟು ವರ್ಷ ಹೇಗಿದ್ದಾನೆಂಬುದಷ್ಟೇ ನನಗೆ ಗೊತ್ತು. ನಿನ್ನ ವಿದ್ಯೆಯ ವಿಷಯದಲ್ಲಿ ಹೇಳಲು ನನಗೆ ಅರ್ಹತೆಯಿಲ್ಲ, ಆದರೂ ಒಂದೆರಡು ಮಾತು ಹೇಳುತ್ತೇನೆ, ಸರಿಯೆನಿಸದಿದ್ದರೆ ಬಿಟ್ಟುಬಿಡು. ಸಸಿಗಳು ಸತ್ತ ಬಗೆಯನ್ನು ಇನ್ನೊಬ್ಬರು ಓದಿದರೆ ತಿಳಿಯುವಂತೆ ವಹಿಯಲ್ಲಿ ಬರೆದಿಡು, ನಿನ್ನ ಸಂಕ್ಷೇಪಾಕ್ಷರಗಳು ನಿನಗೊಬ್ಬಳಿಗೇ ಅರ್ಥವಾಗುವಂಥವು. ಟಾಟಾ ಅವರ ಯೋಜನೆ ಅವರ ತಲೆಯಲ್ಲಷ್ಟೇ ಇದ್ದಿದ್ದರೆ ಅವರೊಂದಿಗೇ ಹೋಗುತ್ತಿತ್ತು, ಕಾಗದದಲ್ಲಿದ್ದುದರಿಂದ ಉಳಿದವರು ಹಿಡಿದು ಮುಂದುವರಿಸಿದರು. ಬಿಡಬೇಕೆಂದು ನಿನಗೆ ಅನ್ನಿಸಿದರೂ ಬೇಸಿಗೆಯ ತನಕ ಯಾರಿಗೂ ಹಾಗೆಂದು ಬರೆದುಕೊಡಬೇಡ. ರಾತ್ರಿಯ ಊಟ ಬಿಡಬೇಡ. ಇದನ್ನು ನಿನ್ನ ಅವ್ವ ದಿನವೂ ಹೇಳುತ್ತಿರುತ್ತಾಳೆಂದು ಗೊತ್ತು.

ಮೊನ್ನೆ ಆಳುಗಳನ್ನು ಕರೆದು ಅಂಗಳದ ಮೂಲೆಯ ನಾಲ್ಕು ಫರಸಿಗಳನ್ನು ಎತ್ತಿಸಿದೆ. ಯಾಕೆಂದು ಅಣ್ಣ ಕೇಳಿದ, ಸುಮ್ಮನೆ ಎಂದೆ. ಹೋಳಿ ಹುಣ್ಣಿಮೆಯ ನಂತರ ಶರಣಬಸವೇಶ್ವರರ ಜಾತ್ರೆಗೆ ನೀನು ಬಂದೇ ಬರುತ್ತೀಯೆಂದು ಕಾಕಿ ಕಾಯುತ್ತಿದ್ದಾಳೆ. ಬರುವಾಗ ನಿನ್ನ ವಹಿಯನ್ನು ತೆಗೆದುಕೊಂಡು ಬಾ, ನನಗೆ ಎಷ್ಟು ತಿಳಿಯುತ್ತದೋ ನೋಡುತ್ತೇನೆ. ಈ ಪತ್ರದೊಂದಿಗೆ ಹೊಸ ತೊಗರಿಯ ಬೇಳೆ ಐದು ಕಿಲೋ ಕಳಿಸಿದ್ದೇನೆ.

ನಿನ್ನ ಕಾಕಾ